ಕೊರಿಯನ್ ಅಕ್ಷರದ ಸಿಗರೇಟು ಪಾಕೀಟು

ಆ ಸಿಗರೇಟು ಪಾಕೀಟು ನನ್ನದು. ಸೂಜಿನ್‌ದಲ್ಲ. ಎಂಟು ವರ್ಷದ ಹಿಂದೆ, ಲಂಡನ್ನಿನ ಸ್ಟ್ಯಾನ್ಮೋರಿನ ನಮ್ಮ ಮನೆಯಲ್ಲಿ, ಶ್ರಾವಣ ಶುಕ್ರವಾರದ ಅರಿಶಿನ-ಕುಂಕುಮಕ್ಕೆ ಬಂದಿದ್ದ ಹೆಂಗಸರ ಎದುರು ನಾನು ಸುಳ್ಳು ಹೇಳಿದೆ. ಅವರಲ್ಲಿ ಒಬ್ಬರು ಸೂಜಿನ್‌ಳ ತಾಯಿ.

ಮುಂದೆ ಹೋಗುವ ಮೊದಲು ಒಂದು ಮಾತು. ಸಿಗರೇಟು ಸೇದಿದ್ದಕ್ಕೆ ನಾನಿಲ್ಲಿ ಕ್ಷಮೆ ಕೇಳುತ್ತಿಲ್ಲ. ಅದನ್ನು ಓದಲೆಂದು ಯಾರಾದರೂ ಕೂತಿದ್ದರೆ ಈಗಲೇ ಎದ್ದುಹೋಗಬಹುದು. ಹೆಂಗಸೊಬ್ಬಳು ಸೇದುತ್ತಾಳೆ ಅಂದರೆ ಸಾಕು, ಜನ ಕಾರಣ ಹುಡುಕಲು ಶುರುಮಾಡುತ್ತಾರೆ — ಗಂಡ ಸರಿಯಿಲ್ಲವೇನೋ, ಮನಸ್ಸಿಗೆ ಏನೋ ಹತ್ತಿಕೊಂಡಿದೆಯೇನೋ... ಏನೂ ಇರಲಿಲ್ಲ. ನನಗೆ ಇಷ್ಟವಾಗಿತ್ತು, ಸೇದುತ್ತಿದ್ದೆ. ಆರೋಗ್ಯಕ್ಕೆ ಕೆಟ್ಟದ್ದೆಂದು ನನಗೂ ಗೊತ್ತು, ನಮ್ಮ ಜಿಪಿ ಡಾಕ್ಟರು ಹೋದಾಗಲೆಲ್ಲ ಹೇಳುತ್ತಾರೆ. ಆದರೆ ನಮ್ಮ ಮನೆಯಲ್ಲಿ ಆರೋಗ್ಯದ ಮಾತು ಎಂದು ಬಂದಿತ್ತು? ನನ್ನ ಗಂಡ ಪ್ರಕಾಶ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಸೇದುತ್ತ ಕೂತರೆ, ಬೂದಿ ಉದುರಿಸಲಿಕ್ಕೆ ನಮ್ಮ ಅತ್ತೆ ಸ್ಟೀಲಿನ ಬಟ್ಟಲು ತಂದು ಪಕ್ಕಕ್ಕಿಡುತ್ತಿದ್ದರು. ನಾನು ಸೇದುವುದು ಪ್ರಕಾಶನಿಗೆ ಗೊತ್ತಿತ್ತು. "ನಂದೇನ ಅಡ್ಡಿಲ್ಲ. ಅವ್ವನ ಮುಂದ ಮಾತ್ರ ಬ್ಯಾಡ ನೋಡು" ಅಂದಿದ್ದ. ಧಾರವಾಡದಲ್ಲಿ ನನ್ನ ಅಜ್ಜಿ ಎಲೆ-ಅಡಿಕೆಯ ಜೊತೆ ತಂಬಾಕು ಸೇರಿಸಿ ದಿನವಿಡೀ ಮೆಲ್ಲುತ್ತಿದ್ದಳು. ಅವಳ ಮಾನಕ್ಕೆ ಏನೂ ಆಗಲಿಲ್ಲ. ಅದೇ ತಂಬಾಕು ಹೊಗೆಯಾಗಿ ಹೆಂಗಸಿನ ಬಾಯಿಂದ ಬಂದರೆ ಮಾತ್ರ — ಇರಲಿ, ನನಗೆ ಸಿಟ್ಟು ಬರುತ್ತದೆ, ಕಥೆ ಅಲ್ಲಿಗೇ ನಿಂತುಬಿಡುತ್ತದೆ.

ಸೂಜಿನ್ ಆಗ ನನ್ನ ಪಕ್ಕದ ಮೇಜಿನವಳು. ಅಕ್ಸ್‌ಬ್ರಿಡ್ಜಿನ ಒಂದು ವಿಮಾ ಕಚೇರಿಯಲ್ಲಿ, ದೂರು ಕೊಟ್ಟ ಗ್ರಾಹಕರಿಗೆ ಉತ್ತರ ಬರೆಯುವುದು ನಮ್ಮಿಬ್ಬರ ಕೆಲಸ. ತಪ್ಪು ಯಾರದೆಂದು ಎಲ್ಲಿಯೂ ಒಪ್ಪಿಕೊಳ್ಳದೆ, ಪುಟ ತುಂಬ ವಿಷಾದ ಸೂಚಿಸುವುದು ಹೇಗೆಂದು ನಾನು ಚೆನ್ನಾಗಿ ಕಲಿತಿದ್ದೇನೆ. ಇಲ್ಲಿ ಅಂಥ ಒಂದು ವಾಕ್ಯವೂ ಬರಬಾರದೆಂದು ಮೂರು ಸಲ ಹರಿದು ಬರೆಯುತ್ತಿದ್ದೇನೆ.

ಕಚೇರಿಯ ಗಂಡಸರು ಮುಂಬಾಗಿಲ ಪಕ್ಕದ ಮಾಡಿನ ಕೆಳಗೆ ನಿಂತು ಸೇದುತ್ತಿದ್ದರು. ಇಂಗ್ಲಿಷ್ ಹುಡುಗಿಯರೂ ಅಲ್ಲೇ. ನಾವಿಬ್ಬರು ಮಾತ್ರ ಹಿಂದುಗಡೆ, ಕಸದ ದೊಡ್ಡ ಡಬ್ಬಗಳ ಮರೆಯಲ್ಲಿ. ಇದು ಲಂಡನ್, ಯಾರೂ ಕೇಳುತ್ತಿರಲಿಲ್ಲ. ಆದರೂ ನನಗೆ ನಮ್ಮ ಕನ್ನಡದವರು ಯಾರಾದರೂ ಆ ದಾರಿಯಲ್ಲಿ ಹೋದಾರೆಂಬ ಭಯ, ಅವಳಿಗೆ ಅವಳ ಕೊರಿಯಾದವರ ಭಯ. ಅವಳ ಊರು ಡೇಗು. ಕಾಲೇಜಿನಲ್ಲಿದ್ದಾಗ ಬಸ್ ಸ್ಟಾಪಿನಲ್ಲಿ ಒಂದು ಸಿಗರೇಟು ಹಚ್ಚಿದಳಂತೆ. ಗುರುತು ಪರಿಚಯವಿಲ್ಲದ ಮುದುಕನೊಬ್ಬ ಬಂದು ಕೈಮೇಲೆ ಹೊಡೆದು ಅದನ್ನು ಬೀಳಿಸಿ, ನಿನ್ನ ತಾಯಿ ಇದನ್ನೇ ಕಲಿಸಿದಳೇನು ಅಂತ ಬೈದನಂತೆ. ಅವಳ ಪಕ್ಕದಲ್ಲೇ ಇಬ್ಬರು ಹುಡುಗರು ಸೇದುತ್ತ ನಿಂತಿದ್ದರು, ಅವರಿಗೆ ಒಂದು ಮಾತಿಲ್ಲ. ಅಲ್ಲಿ ಹಿರಿಯರ ಎದುರು ಯಾರೂ ಸೇದುವುದಿಲ್ಲ, ಆದರೆ ಹೆಣ್ಣಾದವಳಿಗೆ ಇಡೀ ಬೀದಿಯೇ ಹಿರಿಯರು — ಹೀಗೆ ಹೇಳಿ ನಗುತ್ತಿದ್ದಳು. ಮುಂದೆ ಅವಳು ಕಾಫಿ ಅಂಗಡಿಗಳ ಟಾಯ್ಲೆಟ್ಟಿನಲ್ಲಿ ಸೇದುವುದನ್ನು ರೂಢಿಮಾಡಿಕೊಂಡಳು. ತಾಯಿಗೆ ಇದು ಗೊತ್ತೇ ಇರಲಿಲ್ಲ. ಆ ಒಂದು ಗುಟ್ಟನ್ನು ಮೂವತ್ತೊಂದು ವಯಸ್ಸಿನವರೆಗೂ ಕಾಪಾಡಿಕೊಂಡು ಬಂದಿದ್ದಳು. ನನಗೆ ಹೇಳಿದ್ದಳು. ನನಗೊಬ್ಬಳಿಗೇ.

ಆ ವರ್ಷ ಊರಿಗೆ ಹೋಗಿ ಬರುವಾಗ ನನಗೆಂದು ಒಂದು ಪಾಕೀಟು ತಂದಳು, ಸಣ್ಣ ಕಡ್ಡಿಯಂಥ ಸಿಗರೇಟುಗಳು. ಅವಳ ಜೊತೆ ತಾಯಿಯೂ ಒಂದು ತಿಂಗಳ ಮಟ್ಟಿಗೆ ಬಂದಿದ್ದರು. ಶ್ರಾವಣ ಶುಕ್ರವಾರ ಇಬ್ಬರನ್ನೂ ಮನೆಗೆ ಕರೆದೆ. ನಾನು ಕಚೇರಿಯಿಂದ ಬರುತ್ತ ವೀಳ್ಯದೆಲೆ ಕೊಂಡು ಬ್ಯಾಗಿಗೆ ಹಾಕಿಕೊಂಡಿದ್ದೆ, ಅವಸರದಲ್ಲಿ ತೆಗೆದಿಡಲು ಮರೆತಿದ್ದೆ. ಸಂಜೆ ಆರರ ಹೊತ್ತು, ಜಮಖಾನೆಯ ಮೇಲೆ ಎಲ್ಲರೂ ಕೂತಿದ್ದರು. ಸೂಜಿನ್‌ಳ ತಾಯಿ ಮಂಡಿಯೂರಿ ನೆಟ್ಟಗೆ ಕೂತು ಕೋಸಂಬರಿ ತಿನ್ನುತ್ತಿದ್ದರು.

"ಎಲಿ ಎಲ್ಲಿಟ್ಟೀಯವಾ?" ಅಂತ ಅತ್ತೆ ಕೇಳಿದರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅವರೇ ಬ್ಯಾಗಿಗೆ ಕೈಹಾಕಿ ಎಲೆಯ ಕಟ್ಟು ಎಳೆದಿದ್ದರು. ಅದರ ಜೊತೆ ಪಾಕೀಟೂ ಬಂದು ಜಮಖಾನೆಯ ನಡುವೆ ಬಿತ್ತು.

"ಇದೇನವಾ ಇದು?"

ಪ್ರಕಾಶನದು ಅನ್ನಲು ಬರುವಂತಿರಲಿಲ್ಲ. ಅವನ ಪಾಕೀಟು ಅತ್ತೆಗೆ ಗೊತ್ತು, ಇದರ ಮೇಲಿದ್ದದ್ದು ಕೊರಿಯನ್ ಅಕ್ಷರ. ಎಲ್ಲರ ಕಣ್ಣೂ ತಾನಾಗಿಯೇ ಸೂಜಿನ್ ಕಡೆ ಹೋಯಿತು. ನಾನು ಸುಮ್ಮನಿದ್ದಿದ್ದರೂ ಸಾಕಿತ್ತು, ಅನುಮಾನವಷ್ಟೇ ಉಳಿಯುತ್ತಿತ್ತು. ಆದರೆ ನನಗೆ ಪೂರ್ತಿ ಪಾರಾಗಬೇಕಿತ್ತು.

"ಅಕೀದ್ರಿ, ಅತ್ತ್ಯಾರ. ಅವರವ್ವ ಬಂದಾರಲ್ಲ, ಕಾಣಬಾರದಂತ ನನ್ನ ಬ್ಯಾಗಿನ್ಯಾಗ ಇಟ್ಟಿದ್ಲು" ಅಂದೆ. ಅಷ್ಟು ಸಾಲದೆಂಬಂತೆ, ಆ ತಾಯಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಇದು ಸೂಜಿನ್‌ದು."

ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಆ ಮಾತು ಅರ್ಥವಾಯಿತು. ಅತ್ತೆ ಪಾಕೀಟನ್ನು ಎತ್ತಿ ಸೂಜಿನ್ ಮುಂದೆ ಹಿಡಿದರು. ಅವಳು ಒಮ್ಮೆ ನನ್ನನ್ನು ನೋಡಿದಳು. "ನನ್ನದಲ್ಲ" ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಅನ್ನಲಿಲ್ಲ. ಹಿರಿಯರಿಂದ ಏನನ್ನಾದರೂ ತೆಗೆದುಕೊಳ್ಳುವಾಗ ಕೊರಿಯಾದವರಲ್ಲಿ ಎರಡೂ ಕೈ ಚಾಚಬೇಕು, ತಲೆ ಬಾಗಿಸಬೇಕು. ಹಾಗೇ ತೆಗೆದುಕೊಂಡಳು. ಅವಳ ತಾಯಿ ಕುಂಕುಮ ಹಚ್ಚಿಸಿಕೊಂಡು, ಉಡಿಗೆ ಕೊಟ್ಟ ಕುಪ್ಪಸದ ಕಣವನ್ನು ತೊಡೆಯ ಮೇಲಿಟ್ಟುಕೊಂಡು, ಕೊನೆಯವರೆಗೂ ನಗುಮುಖದಿಂದ ಕೂತಿದ್ದರು. ಟ್ಯೂಬ್ ರೈಲು ಹತ್ತಿದ ಮೇಲೆ ಅತ್ತರಂತೆ. ನಾಲ್ಕೇ ದಿನಕ್ಕೆ ಟಿಕೆಟ್ ಬದಲಿಸಿಕೊಂಡು ಹೊರಟುಹೋದರು.

ಸೋಮವಾರ ನಾನು ಡಬ್ಬಗಳ ಹಿಂದೆ ಕಾದೆ. ಅವಳು ಬರಲಿಲ್ಲ. ಮೇಜಿನ ಹತ್ತಿರ ಹೋಗಿ ಏನೋ ತೊದಲಿದಾಗ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ನಿನ್ನ ಎದುರು ಇದ್ದದ್ದು ಅತ್ತೆ. ನನ್ನ ಎದುರು ಇದ್ದದ್ದು ಅಮ್ಮ."

ಇಷ್ಟಕ್ಕೇ ಮುಗಿದಿದ್ದರೆ — ಇಲ್ಲ, ಮುಗಿಯಲಿಲ್ಲ. ಕೊರಿಯಾದವರ ಸುಗ್ಗಿ ಹಬ್ಬದ ಹೊತ್ತಿಗೆ ಡೇಗುವಿನಿಂದ, ಆ ತಾಯಿಯಿಂದ, ನನಗೊಂದು ಉಡುಗೊರೆ ಬಂತು, ಹುರಿದ ಕಡಲಪಾಚಿಯ ಡಬ್ಬಿ, ಜೊತೆಗೊಂದು ಚೀಟಿ. ಅದನ್ನು ಓದಿ ಹೇಳಬೇಕಾದವಳು ಸೂಜಿನ್ನೇ. ಗ್ರಾಹಕರ ದೂರು ಓದುವ ದನಿಯಲ್ಲಿ ಓದಿದಳು: "ನನ್ನ ಮಗಳು ಮುಚ್ಚಿಟ್ಟಿದ್ದನ್ನು ನೀವು ಹೇಳಿದಿರಿ. ನಿಮ್ಮಂಥ ಗೆಳತಿ ಅವಳಿಗಿರುವುದು ಪುಣ್ಯ." ನಾನು ಥ್ಯಾಂಕ್ಸ್ ಅಂದೆ. ಡಬ್ಬಿ ಮನೆಗೆ ಒಯ್ದೆ. ಅತ್ತೆ ಮುಟ್ಟಲಿಲ್ಲ, ನಾನೊಬ್ಬಳೇ ಎರಡು ವಾರ ಕೂತು ತಿಂದೆ. ಚೆನ್ನಾಗಿತ್ತು. ಆ ಚಳಿಗಾಲದಲ್ಲೇ ಅವಳು ಕೆಲಸ ಬಿಟ್ಟಳು.

ಹೋದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರಿಂದ ನಂಬರು ಪಡೆದು ಫೋನ್ ಮಾಡಿದೆ. ಸೂಜಿನ್ ಈಗ ಲಂಡನ್ನಿನದೇ ನ್ಯೂ ಮಾಲ್ಡನ್‌ನಲ್ಲಿದ್ದಾಳೆ. ತಾಯಿ ಐದು ವರ್ಷ ಈ ಕಡೆ ಬರಲಿಲ್ಲವಂತೆ. ಈಗ ಬಂದಿದ್ದಾರೆ, ಇಬ್ಬರೂ ಮಾತಾಡುತ್ತಾರೆ. ಆದರೆ ಏನಾದರೂ ಜಗಳವಾದರೆ ತಾಯಿ ಈಗಲೂ ನನ್ನನ್ನೇ ಎತ್ತಿ ತೋರಿಸುತ್ತಾರಂತೆ, ಆ ಇಂಡಿಯನ್ ಹುಡುಗಿಯನ್ನು ನೋಡಿ ಕಲಿ ಅಂತ. ಎಂಟು ವರ್ಷ! ನಿಮ್ಮಮ್ಮನಿಗೆ ನಿಜ ಹೇಳುತ್ತೇನೆ, ಬರಲೇ ಅಂತ ಕೇಳಿದೆ.

"ಮೊದಲು ನಿನ್ನ ಅತ್ತೆಗೆ ಹೇಳು," ಅಂದಳು. "ಅವತ್ತು ಕೂತಿದ್ದವರ ಎದುರಿಗೇ. ಆಮೇಲೆ ಬಾ. ಮತ್ತೆ, ನಾನು ಸೇದೋದೇ ಇಲ್ಲ ಅಂತ ಮಾತ್ರ ಹೇಳಬೇಡ. ನಾನು ಸೇದ್ತೀನಿ. ಅದಕ್ಕೆ ನಿನ್ನ ಸಾಕ್ಷಿ ಬೇಕಾಗಿಲ್ಲ."

ಹೋದ ವಾರದ ಶ್ರಾವಣ ಶುಕ್ರವಾರ ಹೇಳಿದೆ. ಅವತ್ತಿನವರಲ್ಲಿ ಏಳು ಜನ ಬಂದಿದ್ದರು. ಅವರಿಗೂ ನೆನಪಿತ್ತು, ಆ ಕೊರಿಯಾದವಳ ಕಥೆಯನ್ನು ಇಷ್ಟು ವರ್ಷ ಹೇಳಿಕೊಂಡು ನಕ್ಕವರಲ್ಲವೆ? ಆ ಪಾಕೀಟು ನಂದು, ಸೇದಾಕಿ ನಾನು, ಸುಳ್ಳು ಹೇಳಿದಾಕೀನೂ ನಾನು ಅಂದೆ. ಅತ್ತೆಯ ಮುಖ ಬಿಳಿಚಿಕೊಂಡಿತು.

"ಹೊರಗಿನ ಮಂದಿ ಮುಂದ ಹೇಳೂ ಮಾತೇನ ಇದು? ಒಳಗ ಕರದು ನನಗೊಬ್ಬಾಕಿಗೆ ಹೇಳಬಾರದಾಗಿತ್ತ?"

"ಅಕಿ ಮಾನಾ ನಾ ಹೊರಗಿನ ಮಂದಿ ಮುಂದನ ಕಳದೀನ್ರಿ, ಅತ್ತ್ಯಾರ."

ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕಿಕೊಂಡರು. ಅತ್ತೆ ಇವತ್ತಿಗೆ ಎಂಟು ದಿನವಾಯಿತು, ನನ್ನ ಜೊತೆ ಮಾತಿಲ್ಲ. ಪ್ರಕಾಶ, "ಇಷ್ಟು ವರ್ಷ ನಡದಿತ್ತಲ್ಲ, ಈಗೇನ ಅವಸರಿತ್ತು?" ಅಂತ ರೇಗಿದ. ಸೇದುತ್ತಲೇ ರೇಗಿದ. ನಾನು ಅವನ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತೆ, ನನ್ನದೊಂದು ಹಚ್ಚಿದೆ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ನಿಂತಿದ್ದರು. ನೋಡಲಿ.

ಇಷ್ಟರಿಂದ ನಾನು ಸಾಧಿಸಿದ್ದೇನೂ ಇಲ್ಲ, ಗೊತ್ತು. ಈ ಕಿಟಕಿಯ ಎದುರು ಕೂರುವ ಧೈರ್ಯ ನನಗೆ ಎಂಟು ವರ್ಷದ ಹಿಂದೆ ಬರಬೇಕಿತ್ತು. ಸೂಜಿನ್‌ಳಿಗೆ "ಹೇಳಿದೆ" ಅಂತ ಒಂದೇ ಪದ ಕಳಿಸಿದೆ. "ಭಾನುವಾರ ನಾಲ್ಕು ಗಂಟೆ" ಅಂತ ಉತ್ತರ ಬಂತು. ನಾಳೆಯೇ ಭಾನುವಾರ. ಆ ತಾಯಿ ಬಾಗಿಲು ತೆಗೆದು, ಒಳ್ಳೆಯ ಹುಡುಗಿ ಬಂದಳೆಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಕೂರಿಸುವ ಮೊದಲೇ, ಅಲ್ಲೇ ಹೊಸ್ತಿಲಲ್ಲಿ ಹೇಳುತ್ತೇನೆ.