ಅವ್ವನ ಪಾಲಿನ ತಿಂಗಳು

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಕೂಸು ನಾನು. ಹಾಗಂತ ಬಡವಾಗಿದ್ದೆ ಅಂತ ಯಾರೂ ತಿಳಿಯಬೇಡಿ. ಅಪ್ಪನ ಮನೆಯಲ್ಲಿ ಅಜ್ಜಿ ತುಪ್ಪ ಸುರಿದು ಸುರಿದು ನನ್ನನ್ನು ಕುಂಬಳಕಾಯಿಯ ಹಾಗೆ ಮಾಡಿಟ್ಟಿದ್ದಳು. ನನಗಿದ್ದ ಕೊರತೆ ಒಂದೇ. ಅವ್ವ ಇರಲಿಲ್ಲ.

ನನಗೆ ಆಗ ಆರು ವರ್ಷ. ಅಪ್ಪ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ರೈಟರ್, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವ್ವ ಯಾಕೆ ತವರಿಗೆ ಹೊರಟುಹೋದಳು ಎನ್ನುವುದನ್ನು ಈ ವಯಸ್ಸಿನವರೆಗೂ ನನಗೆ ಯಾರೂ ಸರಿಯಾಗಿ ಹೇಳಿಲ್ಲ. ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ನಮ್ಮ ಮನೆ ಭಾಗಮಂಡಲದಿಂದ ಕೆಳಗೆ, ಕಾವೇರಿಯ ಈಚೆ ದಡದಲ್ಲಿ. ಅವ್ವನ ತವರು ಹೊಳೆ ದಾಟಿ, ಒಂದು ಗುಡ್ಡ ಹತ್ತಿ ಇಳಿದರೆ ಸಿಗುತ್ತಿತ್ತು. ಬೇಸಿಗೆಯಲ್ಲಿ ಹೊರಟರೆ ಅನ್ನ ಬೇಯುವುದರೊಳಗೆ ಹೋಗಿ ಮುಟ್ಟಬಹುದು.

ಕೂಸು ಯಾರಿಗೆ ಸೇರಬೇಕು ಎಂದು ಎರಡು ಮನೆಯವರೂ ಹಟ ಹಿಡಿದರು. ಪಾರುಪತ್ಯಗಾರರ ಕಚೇರಿಗೆ ಹೋಗೋಣ ಎಂದು ಅಪ್ಪನಿಗೆ ಮನಸ್ಸಿತ್ತು. ಮನೆಯ ಮಾತು ಸರಕಾರದ ಮೇಜಿಗೆ ಹೋದರೆ ಮಾನ ಉಳಿಯುವುದಿಲ್ಲ ಎಂದು ಅಜ್ಜಿ ತಡೆದಳು. ಹಾಗಾಗಿ ಊರುಗೌಡರನ್ನು ಕರೆಸಿದರು. ನಮ್ಮವರಲ್ಲಿ ಮದುವೆ ಮಾಡಿಸುವುದಕ್ಕೂ, ಮುರಿದ ಮದುವೆಯ ಚೂರು ಹಂಚುವುದಕ್ಕೂ ಊರುಗೌಡರೇ ಬೇಕು. ಅವರ ಜೊತೆ ಎರಡೂ ಕಡೆಯ ಹಿರಿಯರು ನಾಲ್ಕು ಮಂದಿ ಬಂದು ಚಾಪೆ ಹಾಸಿ ಕುಳಿತರು. ದೀಪ ಹಚ್ಚಿಟ್ಟರು. ಸುಡುಬಿಸಿಲಿನ ಕಾಲ, ಬಂದವರಿಗೆಲ್ಲ ಮಜ್ಜಿಗೆ ಕೊಟ್ಟ ನೆನಪು ನನಗಿದೆ. ಅವ್ವ ಹೆಂಗಸರ ನಡುವೆ ಗೋಡೆಗೆ ಒರಗಿ ಕುಳಿತಿದ್ದಳು. ನಾನು ಅವಳ ತೊಡೆಯ ಮೇಲೆ.

ಊರುಗೌಡರು ಎಲೆಯಡಿಕೆ ಮೆಲ್ಲುತ್ತಾ ಬಹಳ ಹೊತ್ತು ಯೋಚಿಸಿ ಹೇಳಿದರು, "ಗೂಡೆ ಅಪ್ಪನ ಮನೆಗೇ ಸೇರ್ದ್. ಅದ್ ಕಟ್ಟು. ಆದರೆ ಹೆತ್ತ ಹೊಟ್ಟೆ ಉರಿಸಿಕೆ ಆದುಲೆ. ಹೊಸ ಮದುಮಗಳು ಕಕ್ಕಡ ತಿಂಗ ತವರಿಗೆ ಹೋದಿಲ್ಲೆನಾ? ಹಂಗೇ ಈ ಗೂಡೆನೂ ವರ್ಷ ವರ್ಷ ಕಕ್ಕಡ ತಿಂಗ ಅವ್ವನ ಹಕ್ಕಲೆ ಇರಲಿ."

ಗೂಡೆ ಅಂದರೆ ಹುಡುಗಿ, ನಾನು. ಎಲ್ಲರೂ ತಲೆದೂಗಿದರು. ಹೆಣ್ಣುಮಕ್ಕಳಿಗೆ ತವರಿನ ತಿಂಗಳೆಂದರೆ ಕಕ್ಕಡ, ಹಿಂದಿನಿಂದ ಬಂದದ್ದು, ಅದರಲ್ಲಿ ತಪ್ಪು ಹುಡುಕುವವರು ಯಾರು? ಕಕ್ಕಡ ಒಂದನೇ ದಿನ ಹೊಳೆಯ ದಡದಲ್ಲಿ ಒಪ್ಪಿಸುವುದು, ತಿಂಗಳು ಮುಗಿದ ದಿನ ವಾಪಸು ತರುವುದು, ಉಳಿದ ಹನ್ನೊಂದು ತಿಂಗಳು ಅವ್ವ ಈಚೆ ಬರಕೂಡದು, ನಾನು ಆಚೆ ಹೋಗಕೂಡದು. ದೀಪದ ಮುಂದೆ ಮಾತು ಮುಗಿಯಿತು. ಅವ್ವ ಏನೋ ಹೇಳಲು ಬಾಯಿ ತೆರೆದಳು. ಅವಳ ಅಣ್ಣ ತಿರುಗಿ ನೋಡಿದ. ಅವಳು ಸೆರಗಿನಿಂದ ನನ್ನ ಮುಖ ಒರೆಸತೊಡಗಿದಳು.

ಕಕ್ಕಡವೆಂದರೆ ಮಳೆಗಾಲದ ನಟ್ಟನಡುವಿನ ತಿಂಗಳು. ಹೊಸ ಮದುವಣಗಿತ್ತಿಯರು ಹೊಳೆ ಏರುವ ಮೊದಲೇ ತವರು ಸೇರಿಕೊಂಡಿರುತ್ತಾರೆ. ಕಕ್ಕಡದ ಒಂದನೇ ದಿನ ಕಾವೇರಿ ದಾಟುವ ಗಂಡಸು ನಮ್ಮ ನಾಡಿನಲ್ಲಿ ಹುಟ್ಟಿಲ್ಲ, ತೆಪ್ಪದವನು ಕೂಡ ತೆಪ್ಪವನ್ನು ಮರಕ್ಕೆ ಕಟ್ಟಿ ಮನೆಯಲ್ಲಿ ಕುಳಿತಿರುತ್ತಾನೆ. ಬಿಸಿಲಿನಲ್ಲಿ ಮಜ್ಜಿಗೆ ಕುಡಿದ ಆ ಐದು ತಲೆಗಳಿಗೆ ಇದು ಹೊಳೆಯಲಿಲ್ಲ. ಅವರೆಲ್ಲ ಆ ಹೊಳೆಯ ನೀರು ಕುಡಿದೇ ತಲೆ ಹಣ್ಣಾದವರು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಮೊದಲ ವರ್ಷ ಅಜ್ಜಿ ನನ್ನನ್ನು ಹೊಳೆಗೆ ಕರೆದುಕೊಂಡು ಹೋದಳು. ಅವಳು ಕೆಟ್ಟವಳಲ್ಲ, ಮಾತಿಗೆ ನಿಲ್ಲುವವಳು. ನಾಲ್ಕು ದಿನ ಮೊದಲೇ ಕಳಿಸಿಬಿಡು ಎಂದು ನೆರೆಮನೆಯಾಕೆ ಹೇಳಿದ್ದಕ್ಕೆ, "ಒಂದನೇ ದಿನ ಅಂತ ಹೇಳ್ಯೊಳೊ. ಒಂದನೇ ದಿನವೇ" ಎಂದಿದ್ದಳು. ಕೆಂಪು ನೀರು ಮರಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಆಚೆ ದಡದಲ್ಲಿ ಅವ್ವ ಮಳೆಗೆ ಎಲೆಯ ಗೊರಬೆ ಹೊದ್ದು ನಿಂತಿದ್ದಳು. ಮುಖ ಕಾಣುವಷ್ಟು ಹತ್ತಿರ. ನಾನು ಕೂಗಿದೆ, ಅವಳೂ ಕೂಗಿರಬೇಕು. ಹೊಳೆಯ ಸದ್ದಿನಲ್ಲಿ ಏನೂ ಕೇಳಲಿಲ್ಲ. ಆ ತಿಂಗಳು ಇಡೀ ಅವಳು ದಿನ ಬಿಟ್ಟು ದಿನ ಬಂದು ನಿಲ್ಲುತ್ತಿದ್ದಳಂತೆ. ನನಗೆ ಜ್ವರ ಬಂದದ್ದರಿಂದ ಅಜ್ಜಿ ಆಮೇಲೆ ಕರೆದೊಯ್ಯಲಿಲ್ಲ. ನೀರು ಇಳಿಯುವಾಗ ಕಕ್ಕಡವೂ ಮುಗಿದಿತ್ತು, ಅವಳ ಪಾಲೂ ಮುಗಿದಿತ್ತು.

ಆ ವರ್ಷವೆಲ್ಲ ನನಗೆ ಅವಳದೇ ಧ್ಯಾನ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಅವ್ವನ ಮನೆ ಹೀಗಿರಬಹುದು, ಅವಳು ಹೀಗೆ ತಲೆ ಬಾಚಬಹುದು, ಹೀಗೆ ತುತ್ತು ಕೊಡಬಹುದು ಎಂದು ಕಟ್ಟಿಕೊಳ್ಳುತ್ತಿದ್ದೆ. ಎಷ್ಟು ಕಟ್ಟಿದರೂ ತೀರುತ್ತಿರಲಿಲ್ಲ.

ಎರಡನೇ ವರ್ಷವೂ ಅದೇ ಹೊಳೆ, ಅದೇ ದಡ. ಆ ಸಲ ಒಪ್ಪಿಸುವುದನ್ನು ನೋಡಲು ಊರುಗೌಡರು ತಾವೇ ಬಂದಿದ್ದರು. ನೀರು ನೋಡಿದರು, ಆಚೆ ನಿಂತ ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. "ಎಪ್ಪತ್ತು ಕಕ್ಕಡ ಕಂಡವ ನಾ. ನಂಗೆ ಇದ್ ಗ್ಯಾನವೇ ಆತಿಲ್ಲೆ" ಎಂದು ನೆನೆದ ಕಲ್ಲಿನ ಮೇಲೆ ಹಾಗೇ ಕುಳಿತುಬಿಟ್ಟರು. ದೊಡ್ಡ ಮನುಷ್ಯ ಎಂದೇ ಹೇಳಬೇಕು, ತಪ್ಪನ್ನು ಒಪ್ಪಿಕೊಂಡು ಮತ್ತೆ ಎಲ್ಲರನ್ನೂ ಕೂಡಿಸಿದರು. ಕಕ್ಕಡದ ಬದಲಿಗೆ ಸುಗ್ಗಿಯ ಹಬ್ಬವಾದ ಹುತ್ತರಿ ಕಳೆದ ಮೇಲಿನ ಒಂದು ತಿಂಗಳು ಎಂದಾಯಿತು.

ಹುತ್ತರಿಯ ಮಾರನೇ ದಿನ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದ. ಅವ್ವ ಬಾಚಿ ತಬ್ಬಿಕೊಂಡಳು. ಅವಳ ಸೀರೆಗೆ ಹೊಗೆಯ ವಾಸನೆ. ನಾನು ನೆನೆದುಕೊಂಡಿದ್ದ ಅವ್ವನಿಗೆ ಆ ವಾಸನೆ ಇರಲಿಲ್ಲ. ಅವಳ ಕೈ ಒರಟಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಊಟಕ್ಕೆ ಕುಳಿತರೆ ಎದುರಿಗೆ ಕುಳಿತು ನನ್ನ ಬಾಯನ್ನೇ ನೋಡುತ್ತಿದ್ದಳು. ಮಲಗಿದರೆ ಹಣೆ ಮುಟ್ಟಿ ಮುಟ್ಟಿ ಎಬ್ಬಿಸುತ್ತಿದ್ದಳು. ಎರಡು ವರ್ಷ ನಾನು ಹಂಬಲಿಸಿದವಳು ಕೈಗೆ ಸಿಕ್ಕಿದಾಗ ನನಗೆ ಯಾರೋ ಹೊಸಬರ ಹಾಗೆ ಕಂಡಳು.

ನಾಲ್ಕನೇ ದಿನ ನಾನು ಮೆಟ್ಟಿಲ ಮೇಲೆ ಕುಳಿತು ಅಳಲು ಹಿಡಿದೆ. "ನಂಗೆ ಮನೆಗೆ ಹೋಕು."

"ಇದ್ ನಿನ್ನ ಮನೆಯೇ ಅಲ್ಲನಾ, ಮಗಾ?"

"ಅಲ್ಲ. ನಂಗೆ ಅಜ್ಜಿ ಬೇಕು."

ಅವ್ವ ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಒಳಗೆ ಹೋಗಿ ನನ್ನ ಲಂಗಗಳನ್ನು ಗಂಟು ಕಟ್ಟಿ ತಂದಳು. ನಮ್ಮ ಅಂಗಳದವರೆಗೂ ಬಂದು ಅಜ್ಜಿಗೆ ಹೇಳಿದಳು, "ಮನೆಲಿ ಒಕ್ಕಲು ಕೆಲಸ ಉಟ್ಟು. ಇವಳ ನೋಡಿಕೆ ಆದುಲೆ. ಅದಕ್ಕೆ ನಾನೇ ಕರ್ಕಂಡ್ ಬಂದೆ." ಹೆತ್ತವಳನ್ನೇ ಒಲ್ಲೆ ಅಂದಳು ಎಂದು ನನ್ನನ್ನು ಯಾರೂ ಆಡಿಕೊಳ್ಳಬಾರದೆಂದೋ, ಆ ಮಾತನ್ನು ಬಾಯಿಬಿಟ್ಟು ಹೇಳಲು ಅವಳಿಗೇ ಆಗಲಿಲ್ಲವೋ. ನನಗೆ ಗೊತ್ತಿಲ್ಲ. ನಾನು ಆಗಲೇ ಅಜ್ಜಿಯ ಸೆರಗು ಹಿಡಿದುಕೊಂಡಿದ್ದೆ.

ಅಜ್ಜಿ ಸುಮ್ಮನಿರುತ್ತಾಳೆಯೇ? ಹೆತ್ತವಳಿಗೇ ಬೇಡವಾದ ಮೇಲೆ ಈ ತಿಂಗಳು ಯಾಕೆ ಎಂದು ಬೇಸಿಗೆಯಲ್ಲಿ ಊರುಗೌಡರನ್ನು ಕರೆಸಿದಳು. ಊರುಗೌಡರು ಅವ್ವನನ್ನು ಕೇಳಿದರು. "ಹೌದು, ನಾನೇ ಕಳ್ಸಿದೆ" ಎಂದಳು. ಆ ಮುದುಕರಿಗೆ ನಂಬಿಕೆ ಬರಲಿಲ್ಲ. ನನ್ನನ್ನು ಹತ್ತಿರ ಕರೆದು ಗಲ್ಲ ಹಿಡಿದು ಕೇಳಿದರು, "ನೀ ಹೇಳ್ ಗೂಡೆ. ಅವ್ವನೇ ಕಳ್ಸಿದ್ದಾ?"

ಮೂರು ವರ್ಷದಲ್ಲಿ ಯಾರಾದರೂ ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ಇಲ್ಲ, ನಾನೇ ಅತ್ತು ಬಂದದ್ದು, ಈ ಸಲ ಅಳುವುದಿಲ್ಲ ಎಂದಿದ್ದರೆ ಆ ತಿಂಗಳು ಉಳಿಯುತ್ತಿತ್ತು. ಅಷ್ಟು ಬುದ್ಧಿ ನನಗೆ ಆಗಲೇ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನನಗೆ ನಾಚಿಕೆಯಾಯಿತು. ಗೋಡೆಗೆ ಒರಗಿದ್ದ ಅವ್ವನ ಕಡೆ ತಿರುಗಿದೆ. ಅವಳು ಹೌದೆನ್ನು ಎಂಬಂತೆ ಮೆಲ್ಲಗೆ ತಲೆ ಆಡಿಸಿದಳು.

ನಾನು ಹೌದು ಅಂದೆ.