ಪುಟ್ಟಸ್ವಾಮಣ್ಣನ ಪುಸ್ತಕ ಯಾವ ಸಾಲಿಗೆ?

ಗೆಳೆಯರೇ, ಕಾದಂಬರಿಗೂ ಆತ್ಮಕಥೆಗೂ ಇರುವ ಗಡಿ ನನಗೆ ಗೊತ್ತು ಎಂದು ಇವತ್ತು ಬೆಳಿಗ್ಗೆಯವರೆಗೂ ನಂಬಿದ್ದೆ. ಶ್ರೀರಾಂಪುರದ ನಮ್ಮ ಬಡಾವಣೆಯ ಪುಟ್ಟ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಿದ್ದೆ. ಮೇಟಗಳ್ಳಿಯ ಕಾರ್ಖಾನೆಯೊಂದರಿಂದ ನಿವೃತ್ತರಾದ ಪುಟ್ಟಸ್ವಾಮಣ್ಣ, ತಾವೇ ಅಚ್ಚು ಹಾಕಿಸಿದ ಆತ್ಮಕಥೆಯ ಎರಡು ಪ್ರತಿ ತಂದು ಆತ್ಮಕಥೆಗಳ ಸಾಲಿನಲ್ಲಿ ನೆಟ್ಟಗೆ ನಿಲ್ಲಿಸಿದರು. ಹಿಂದೆಯೇ ಬಂದ ಅವರ ಹೆಂಡತಿ ಜಯಕ್ಕ ಎರಡನ್ನೂ ತೆಗೆದು ಕಾದಂಬರಿಗಳ ಸಾಲಿಗೆ ಸೇರಿಸಿದರು.

"ಇದೆಲ್ಲ ನಡೆದದ್ದು ಕಣೇ," ಎಂದರು ಅಣ್ಣ.

"ಎಲ್ ನಡೀತು? ನನ್ನ ನೋಡಕ್ ಬಂದಾಗ ಎಲ್ರ ಮುಂದೆ ಧೈರ್ಯವಾಗಿ ಮಾತಾಡ್ದೆ ಅಂತ ಬರ್ದಿದೀರಿ. ಮಾತಾಡಿದ್ದು ನಿಮ್ ಸೋದರಮಾವ. ನೀವು ಉಪ್ಪಿಟ್ಟು ತಿಂದ್ಬುಟ್ಟು ಎದ್ರಿ."

ಅಣ್ಣನ ಮುಖ ಸಣ್ಣದಾಯಿತು. "ಹಂಗಾದ್ರೆ ನನ್ ಜೀವನ ಪೂರಾ ಸುಳ್ಳಾ?"

ನನಗೆ ಕುತೂಹಲ. "ಅಕ್ಕ, ನಿಜವಾದ ಅಧ್ಯಾಯ ಒಂದೂ ಇಲ್ವಾ?"

ಜಯಕ್ಕ ಪುಟ ತಿರುವಿ ಒಂದು ಕಡೆ ನಿಂತರು. "ಕಾರ್ಖಾನೆ ಲಾಕೌಟ್ ಆಗಿ ಬಾಗ್ಲು ಮುಚ್ಚಿದ್ ವರ್ಷದ್ದು ಐತೆ. ಮಂಡಿ ಮೊಹಲ್ಲಾದಲ್ಲಿ ಮೂಟೆ ಹೊತ್ರು ಇವ್ರು. ಅದನ್ನ ಒಂದೇ ಪುಟದಲ್ಲಿ ಮುಗಿಸ್ಬುಟ್ಟವ್ರೆ. ಪಟ್ಟ ಪಾಡಿಗೆ ಏನೇನೂ ಸಾಲ್ದು ಕಣ್ರೀ."

ಅಣ್ಣ ಕಿಟಕಿಯ ಕಡೆ ನೋಡುತ್ತಿದ್ದರು. ಜಯಕ್ಕ ಒಂದು ಪ್ರತಿಯನ್ನು ತಾವೇ ಆತ್ಮಕಥೆಗಳ ಸಾಲಿಗೆ ಮರಳಿಸಿದರು. ಇನ್ನೊಂದನ್ನು ಇದ್ದಲ್ಲೇ ಬಿಟ್ಟರು. ಬೀಗಿದ್ದೆಲ್ಲ ಕಾದಂಬರಿಗೆ, ಬೆಂದದ್ದೆಲ್ಲ ಆತ್ಮಕಥೆಗೆ ಎಂದುಕೊಂಡು ನಾನು ಉಳಿದ ಪುಸ್ತಕ ಜೋಡಿಸತೊಡಗಿದೆ.

ಸಂಜೆ ಬಾಗಿಲು ಹಾಕುವಾಗ ನೋಡಿದರೆ ಆತ್ಮಕಥೆ ಅಲ್ಲೇ ಇತ್ತು. ಕಾದಂಬರಿಯನ್ನು ಯಾರೋ ಓದಲು ಒಯ್ದಿದ್ದರು.