ಬೀಜದ ಕೋಣೆಯಲ್ಲಿ ಆರು ಕಾರ್ಡು

ಕಳೆದ ಭಾನುವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ, ಸೊರಬ ತಾಲ್ಲೂಕಿನ ಜಡೆಯಲ್ಲಿರುವ ನನ್ನ ತಂಗಿಯ ಮನೆ. ಹಾಜರಿದ್ದವರು ತಂಗಿ ಗಿರಿಜಾ, ಅವಳ ಗಂಡ ಹಾಲಪ್ಪ, ಮಗ ಸಂತೋಷ ಮತ್ತು ನಾನು. ಇವರಲ್ಲದೆ ಕಂಪ್ಯೂಟರಿನ ಆರು ಗ್ರಾಫಿಕ್ಸ್ ಕಾರ್ಡುಗಳು. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಫ್ಯಾನಿನ ಗಾಳಿ ಸಿಗುತ್ತಿದ್ದದ್ದು ಆ ಆರಕ್ಕೆ.

(ಹಾಜರಿ ಮೊದಲು, ಮಾತು ಆಮೇಲೆ. ಹಾಸ್ಟೆಲ್ ವಾರ್ಡನ್ ಆಗಿ ಸವೆದವಳ ರೂಢಿ ಇದು. ಈ ಅಂಕಣ ಓದುವವರಿಗೆ ಹೊಸದಲ್ಲ.)

ನಾನು ಶಿಕಾರಿಪುರದಿಂದ ಬೆಳಗಿನ ಬಸ್ಸು ಹಿಡಿದು ಹೋದದ್ದು ಕಾರ್ಡು ನೋಡಲಿಕ್ಕಲ್ಲ, ಬೀಜದ ಶುಂಠಿ ಮಗುಚಲಿಕ್ಕೆ. ಶುಂಠಿ ಕಿತ್ತ ಮೇಲೆ ಗಟ್ಟಿ ಗೆಡ್ಡೆಗಳನ್ನು ಆರಿಸಿ, ಮುಂದಿನ ನಾಟಿಗೆಂದು ಹಿತ್ತಲ ಕಡೆಯ ಮಣ್ಣುಗೋಡೆಯ ಕೋಣೆಯಲ್ಲಿ ಮರಳು ಹಾಸಿ, ಮೇಲೆ ಎಲೆ ಮುಚ್ಚಿ ಇಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಅದನ್ನು ಮಗುಚಿ, ಕೆಟ್ಟದ್ದನ್ನು ಹೊರಗೆ ಹಾಕಬೇಕು. ನಾಟಿಗೆ ಮುಂಚಿನ ಕೊನೆಯ ಸಲ ಮಗುಚುವುದಕ್ಕೆ ಪ್ರತಿವರ್ಷ ನಾನು ಇರುತ್ತೇನೆ. ಯಾರೂ ಕರೆಯುವುದಿಲ್ಲ. ನಾನೇ ಹೋಗುತ್ತೇನೆ.

ಯಾಕಿಷ್ಟು ಕಾಳಜಿ? ಸುತ್ತಲಿನ ಹೊಲಗಳಲ್ಲಿ ಶುಂಠಿ ಕೊಳೆತು ನೀರಾದ ವರ್ಷವೂ ಇವರ ಹೊಲ ನಿಂತಿತ್ತು. ಅಂದಿನಿಂದ ಇವರು ಸ್ವಂತ ಬೀಜವನ್ನೇ ಹಾಕುತ್ತಾರೆ, ಹೊರಗಿನದು ಒಂದು ತುಂಡೂ ಬಂದಿಲ್ಲ. ಕೊಂಡ ಬೀಜದ ಜೊತೆ ಕೊಳೆರೋಗವೂ ಬರಬಹುದು. ಅದೊಮ್ಮೆ ಮಣ್ಣಿಗೆ ಸೇರಿತೆಂದರೆ ಆ ಹೊಲದಲ್ಲಿ ಶುಂಠಿಯ ಆಸೆಯನ್ನು ವರ್ಷಗಟ್ಟಲೆ ಬಿಡಬೇಕು. ಹಾಗಾಗಿ ಆ ಕೋಣೆಯಲ್ಲಿದ್ದದ್ದು ಬರೀ ಗೆಡ್ಡೆಯ ರಾಶಿಯಲ್ಲ. ಆ ಹೊಲದ ಆರೋಗ್ಯ.

ಸೆರಗು ಸಿಕ್ಕಿಸಿಕೊಂಡು ಕೋಣೆಯ ಕಡೆ ಹೊರಟೆ. ಬಾಗಿಲಿಗೆ ಬೀಗ.

"ಕೀಲಿ ಕೊಡೇ ಗಿರಿಜಾ."

"ಮೊದ್ಲು ತಿಂಡಿ ತಿನ್ನಕ್ಕ. ಬಿಸಿ ಕಡುಬು ಐತೆ" ಎಂದಳು, ನನ್ನ ಮುಖ ನೋಡದೆ. ತಂಗಿ ನನ್ನ ಮುಖ ನೋಡದೆ ಕಡುಬು ಬಡಿಸಿದರೆ ಮನೆಯಲ್ಲಿ ಏನೋ ನಡೆದಿದೆ ಎಂದೇ ಅರ್ಥ.

ಸಂತೋಷ ಎದ್ದು ಬಂದ. ಮೂವತ್ತು ದಾಟಿದವನು, ಡಿಪ್ಲೊಮಾ ಮಾಡಿದವನು, ಊರಲ್ಲೇ ಇದ್ದು ಹೊಲ ನೋಡಿಕೊಳ್ಳುವವನು. (ನೋಡಿಕೊಳ್ಳುತ್ತಾನೆ ಎಂದು ಆ ದಿನದ ತನಕ ನಂಬಿದ್ದೆ.)

"ದೊಡ್ಡಮ್ಮ, ಆ ಬಾಗಿಲು ಸುಮ್‌ಸುಮ್ನೆ ತೆಗೆಯಂಗಿಲ್ಲ. ಒಳಗೆ ಧೂಳು ಹೋಗುತ್ತೆ."

"ಶುಂಠಿಗೆ ಧೂಳಿನ ಭಯವೇನೋ? ಅದು ಹುಟ್ಟಿದ್ದೇ ಮಣ್ಣಲ್ಲಿ."

"ಶುಂಠಿಗಲ್ಲ. ರಿಗ್ಗಿಗೆ."

ರಿಗ್ ಎಂದರೇನೆಂದು ಅವನೇ ವಿವರಿಸಿದ. ಯಾರೋ ಬಳಸಿ ಬಿಟ್ಟ ಆರು ಗ್ರಾಫಿಕ್ಸ್ ಕಾರ್ಡು ತಂದು ಕಬ್ಬಿಣದ ಚೌಕಟ್ಟಿಗೆ ಸಾಲಾಗಿ ಕಟ್ಟಿದ್ದಾನೆ. ಅವು ಹಗಲೂ ರಾತ್ರಿ ಲೆಕ್ಕ ಮಾಡುತ್ತವೆ. ಮಾಡಿದ್ದಕ್ಕೆ ಕ್ರಿಪ್ಟೊ ಕಾಯಿನ್ನಿನ ಚೂರು ಸಿಗುತ್ತದೆ. ಇದಕ್ಕೆ ಮೈನಿಂಗ್, ಗಣಿಗಾರಿಕೆ, ಎಂಬ ಭಾರೀ ಹೆಸರು.

"ಏನು ಲೆಕ್ಕ ಅದು? ಯಾರಿಗೆ ಬೇಕಾಗಿತ್ತು?"

"ಯಾರಿಗೂ ಬೇಡ. ಬಿಡಿಸ್ತಾ ಇರಬೇಕು ಅಷ್ಟೆ."

ನಮ್ಮ ಹಾಸ್ಟೆಲಿನಲ್ಲಿ ಗದ್ದಲ ಮಾಡಿದ ಮಕ್ಕಳಿಗೆ ನಾನು ಕೊಡುತ್ತಿದ್ದ ಶಿಕ್ಷೆ ಇದೇ. ಅದಕ್ಕೆ ಕಾಯಿನ್ ಕೊಡುವ ಬುದ್ಧಿ ಮಾತ್ರ ನನಗೆ ಹೊಳೆದಿರಲಿಲ್ಲ.

ಮುಂದಿನ ಮಾತಿಗೆ ಅವನ ಕಣ್ಣು ಅರಳಿತು. ಕಾರ್ಡನ್ನು ತಂದ ಹಾಗೇ ಓಡಿಸುವವನು ದಡ್ಡನಂತೆ. ಅದನ್ನು ಟ್ಯೂನ್ ಮಾಡಬೇಕು. ಮೆಮೊರಿಯ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು, ಚಿಪ್ಪಿನ ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಇಳಿಸಬೇಕು. ಕೆಲಸ ಹೆಚ್ಚಬೇಕು, ಕರೆಂಟು ಕಮ್ಮಿಯಾಗಬೇಕು.

"ಎಲ್ಲೀತನಕ ಇಳಿಸ್ತೀಯ?"

"ಹ್ಯಾಂಗ್ ಆಗೋ ತನಕ. ಆಮೇಲೆ ಒಂದು ಮೆಟ್ಟಿಲು ವಾಪಸ್ ಏರಿಸೋದು. ಅದೇ ಕರೆಕ್ಟ್ ಸೆಟ್ಟಿಂಗು."

ಅಂದರೆ, ಕೂಲಿಯವನು ತಲೆಸುತ್ತಿ ಬೀಳುವವರೆಗೆ ಅವನ ಊಟ ಕಮ್ಮಿ ಮಾಡುತ್ತಾ ಹೋಗು, ಬಿದ್ದ ಮೇಲೆ ಒಂದು ತುತ್ತು ಹೆಚ್ಚಿಗೆ ಹಾಕು. ಇಂಥ ಲೆಕ್ಕಾಚಾರದ ಮೆಸ್ ಕಂಟ್ರಾಕ್ಟರುಗಳನ್ನು ನಾನು ಕಂಡಿದ್ದೇನೆ. ಅವರು ಅದನ್ನು ವಿಜ್ಞಾನ ಎಂದು ಕರೆಯುತ್ತಿರಲಿಲ್ಲ.

"ಬಿಸಿಯಾಗಲ್ವೇನೋ ಅದು?"

"ಆಗುತ್ತೆ. ಅದಕ್ಕೇ ಮನೇಲಿ ತಂಪಾಗಿರೋ ರೂಮಲ್ಲಿ ಇಟ್ಟಿದ್ದು." ಫೋನು ನನ್ನ ಮುಂದೆ ಹಿಡಿದ. "ನೋಡಿ, ಪ್ರತಿ ಕಾರ್ಡಿನ ಟೆಂಪರೇಚರ್ ಇಲ್ಲೇ ಬರುತ್ತೆ. ಎಲ್ಲಾ ಹಸಿರು."

"ಹೌದ್ರಿ ಅಕ್ಕ" ಎಂದ ಹಾಲಪ್ಪ. "ನಾನೂ ದಿನಾ ನೋಡ್ತೀನ್ರಿ. ಹಸಿರೇ ಐತೆ."

ಮನೆಯ ಅತ್ಯಂತ ತಂಪಾದ ಕೋಣೆ. ಅದು ತಂಪಾಗಿದೆ ಎಂಬ ಕಾರಣಕ್ಕೇ ಅಲ್ಲಿ ಬೀಜ ಇಟ್ಟಿದ್ದರು. ಅದು ತಂಪಾಗಿದೆ ಎಂಬ ಕಾರಣಕ್ಕೇ ಇವನು ಅಲ್ಲಿ ಆರು ಒಲೆ ಹೂಡಿದ್ದ. ಎರಡಕ್ಕೂ ಕಾರಣ ಒಂದೇ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ನಾನು ಕಡುಬಿನ ತಟ್ಟೆ ಪಕ್ಕಕ್ಕಿಟ್ಟೆ. "ಕೀಲಿ" ಎಂದೆ.

ಬಾಗಿಲು ತೆಗೆದಾಗ ಮುಖಕ್ಕೆ ಬಡಿದದ್ದು ಭತ್ತ ಬೇಯಿಸುವ ಹಂಡೆಯ ಮುಚ್ಚಳ ತೆಗೆದಂಥ ಬಿಸಿ. ವ್ಯತ್ಯಾಸ ಇಷ್ಟೆ, ಇದು ಒಣ ಬಿಸಿ. ಕಿಟಕಿಗೆ ಧೂಳು ತಡೆಯಲೆಂದು ಪ್ಲಾಸ್ಟಿಕ್ ಹೊಡೆದಿದ್ದ. ಹಲಗೆಯ ಮೇಲೆ ಕಾರ್ಡುಗಳು ಗುಂಯ್‌ಗುಡುತ್ತಿದ್ದವು. ಹಲಗೆಯ ಕೆಳಗೆ ನಮ್ಮ ಶುಂಠಿ.

ಎಲೆ ಸರಿಸಿ ಒಂದು ಗೆಡ್ಡೆ ತೆಗೆದುಕೊಂಡೆ. ಒಳ್ಳೆಯ ಬೀಜ ಮುರಿದರೆ ಲಟಕ್ ಅನ್ನಬೇಕು. ಇದು ಬಾಗಿತು, ಮುರಿಯಲಿಲ್ಲ. ಸಿಪ್ಪೆ ಸುಕ್ಕಾಗಿತ್ತು, ಮೊಳಕೆ ಒಡೆಯಬೇಕಾದ ಕಣ್ಣುಗಳು ಒಣಗಿ ಕಪ್ಪಾಗಿದ್ದವು. ಇನ್ನೊಂದು ತೆಗೆದೆ. ಅದೂ ಬಾಗಿತು. ಗಿರಿಜಾ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ನೋಡಿದಳು.

"ಈ ವರ್ಷ ಎಷ್ಟು ಸಲ ಮಗುಚಿದ್ರಿ?"

ರಿಗ್ ಕೂರಿಸಿದ ಮೇಲೆ ಆ ಕೋಣೆಗೆ ಮೂವರಲ್ಲಿ ಯಾರೂ ಕಾಲಿಟ್ಟಿರಲಿಲ್ಲ, ಟ್ಯೂನ್ ಮಾಡಿದ್ದೂ ಫೋನಿನಿಂದಲೇ. ಕಾಲಿಡುವ ಅಗತ್ಯವೇನು? ಫೋನಿನಲ್ಲಿ ಹಸಿರು ಇತ್ತಲ್ಲ.

"ಮೊದ್ಲು ಅದನ್ನ ಆಫ್ ಮಾಡೋ" ಎಂದ ಹಾಲಪ್ಪ.

"ಅಪ್ಪಾಜಿ, ಎಷ್ಟೋ ದಿನ ಕೂತು ಟ್ಯೂನ್ ಮಾಡೀನಿ. ಈಗಷ್ಟೇ ಸ್ಟೇಬಲ್ ಆಗೈತೆ. ಬೀಜ ಬೇಕಾದ್ರೆ ಶಿಕಾರಿಪುರದಲ್ಲಿ ಸಿಗುತ್ತೆ, ತರಾಣ."

ಹಾಲಪ್ಪ ಮೃದು ಮನುಷ್ಯ. ಮಗನಿಗೆ ಎದುರಾಡಿದ್ದು ನಾನು ಕಂಡಿಲ್ಲ. ಅವನು ಗೋಡೆಯ ಹತ್ತಿರ ಹೋಗಿ ಸ್ವಿಚ್ ಆರಿಸಿದ. ಗುಂಯ್ ನಿಂತಿತು.

"ತಂದ ಬೀಜದ ಹಿಂದೆ ಏನು ಬರ್ತದೆ ಅಂತ ಗೊತ್ತಿಲ್ವಾ ನಿಂಗೆ? ಸುತ್ತ ಕೊಳೆತಿದ್ದನ್ನ ಕಣ್ಣಾರೆ ಕಂಡವನು ನೀನು" ಎಂದ. ಅಷ್ಟೇ ಅಂದದ್ದು.

ಓದುಗರೇ, ಇದು ಜಡೆಯ ಒಬ್ಬ ಸಂತೋಷನ ಕಥೆ ಎಂದು ನಗಬೇಡಿ. ನಮ್ಮ ಶಿಕಾರಿಪುರದ ಬೀದಿಯಲ್ಲಿ ದಿನಾ ನೋಡುತ್ತೇನೆ. ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡವರು ಸೊಪ್ಪು ತರಲು ಆಟೊ ಹತ್ತುತ್ತಾರೆ. ಮಗುವಿನ ತೊಟ್ಟಿಲಿಗೆ ಕ್ಯಾಮೆರಾ ಹಾಕಿಸಿದವರು ಮಗು ಅತ್ತರೆ ಮೊದಲು ಫೋನು ಹುಡುಕುತ್ತಾರೆ. ಟ್ಯೂನ್ ಮಾಡುವುದು ತಪ್ಪಲ್ಲ. ಆದರೆ ಟ್ಯೂನ್ ಮಾಡುವವನಿಗೆ ಯಾವುದು ಮುಖ್ಯ ಎಂಬುದಾದರೂ ಗೊತ್ತಿರಬೇಕಲ್ಲ? ಇವನು ವೋಲ್ಟೇಜಿನ ಕೂದಲು ಸೀಳಿದ. ವರ್ಷದ ಬೆಳೆ ಪಕ್ಕದಲ್ಲೇ ಬೇಯುತ್ತಿತ್ತು.

ಬೈದು ಹೊತ್ತು ಕಳೆಯುವ ಅಭ್ಯಾಸ ನನಗಿಲ್ಲ. ಕೆಲಸ ಹಂಚಿದೆ. ಕಿಟಕಿಯ ಪ್ಲಾಸ್ಟಿಕ್ ಹರಿದು, ರಾಶಿಯನ್ನೆಲ್ಲ ಹಿತ್ತಲ ನೆರಳಿಗೆ ತಂದೆವು. ನಾಲ್ವರೂ ಸುತ್ತ ಕೂತೆವು. ಗಟ್ಟಿ ಇದ್ದದ್ದು ಎಡಕ್ಕೆ, ಬಾಗಿದ್ದು ಬಲಕ್ಕೆ. ಮೇಲಿನದೆಲ್ಲ ಬಲಕ್ಕೇ ಹೋಯಿತು. ಸಂತೋಷ ಮೊದಮೊದಲು ಅನುಮಾನದ ಗೆಡ್ಡೆಗಳನ್ನೂ ಎಡಕ್ಕೆ ಹಾಕುತ್ತಿದ್ದ.

"ಮಾರ್ಕ್ಸ್ ಕೂಡಿಸಬೇಡ" ಎಂದೆ. "ಫೇಲಾದದ್ದು ಫೇಲು. ಇದನ್ನ ನೆಟ್ಟರೆ ಮಣ್ಣಲ್ಲೇ ಕೊಳೀತದೆ."

"ಇದು ನೋಡಿ ದೊಡ್ಡಮ್ಮ, ಒಂದು ಕಣ್ಣು ಚೆನ್ನಾಗೈತೆ."

"ಆ ಭಾಗ ಮುರಿದು ಎಡಕ್ಕೆ ಹಾಕು. ಉಳಿದದ್ದು ಬಲಕ್ಕೆ."

ರಾಶಿಯ ತಳಕ್ಕೆ ಬಂದ ಹಾಗೆ, ಮರಳಿಗೆ ತಾಗಿಕೊಂಡಿದ್ದ ಗೆಡ್ಡೆಗಳು ಲಟಕ್ ಅನ್ನತೊಡಗಿದವು. ಗಿರಿಜಾಳ ಉಸಿರು ಆಗ ಕೆಳಗಿಳಿಯಿತು. ಸಂಜೆಯ ಹೊತ್ತಿಗೆ ಎಡಗಡೆ ಉಳಿದದ್ದು ಅರ್ಧ ಹೊಲಕ್ಕಾಗುವಷ್ಟು ಬೀಜ.

"ಇನ್ನರ್ಧಕ್ಕೆ?" ಎಂದ ಸಂತೋಷ, ಮೆಲ್ಲಗೆ.

"ಇನ್ನರ್ಧಕ್ಕೆ ಜೋಳ" ಎಂದ ಹಾಲಪ್ಪ. "ಜೋಳಕ್ಕೆ ಯಾವ ಅರ್ಧ ಅಂತ ನೀನೇ ಹೇಳು."

ಸಂತೋಷ "ರಸ್ತೆ ಕಡೆಯದು" ಎಂದ. ರಸ್ತೆ ಕಡೆಯ ಮಣ್ಣೇ ಅಲ್ಲಿ ಹಗುರ, ನೀರು ನಿಲ್ಲುವ ಹಿಂದಿನ ಭಾಗಕ್ಕಿಂತ ಶುಂಠಿಗೆ ಅದೇ ಮೇಲು. ಅವನ ಅಪ್ಪ ತಲೆಯಾಡಿಸಿ, "ಅಲ್ಲ ಕಣೋ, ಹಿಂದಿನದು" ಎಂದ. ಹೊಲ ನೋಡಿಕೊಳ್ಳುವವನಿಗೆ ಹೊಲದ ನೀರು ಎಲ್ಲಿ ನಿಲ್ಲುತ್ತದೆಂದು ತಿಳಿಸುವ ಆ್ಯಪ್ ಇನ್ನೂ ಬಂದಿಲ್ಲವೆಂದು ಕಾಣುತ್ತದೆ.

ಕೋಣೆಯ ಗೋಡೆ ಇನ್ನೂ ಕಾದೇ ಇತ್ತು. ಅದಕ್ಕೆ ಕೊಟ್ಟಿಗೆಯ ಹಿಂದಿನ ನೆರಳಲ್ಲಿ ಗುಂಡಿ ತೋಡಿಸಿದೆ. ತೋಡಿದವನು ಸಂತೋಷ. ಮರಳು ಹಾಸಿ, ಬೀಜ ಇಳಿಸಿ, ಎಲೆ ಮುಚ್ಚಿ, ಮೇಲೆ ಹಲಗೆ ಎಳೆದೆವು. ಗಾಳಿಗೆ ಒಂದು ಕೈ ಹೋಗುವಷ್ಟು ಸಂದು ಬಿಟ್ಟು ಉಳಿದೆಡೆ ಸಗಣಿ ಮೆತ್ತಿದ್ದೇ ಆ ದಿನದ ಕೊನೆಯ ಕೆಲಸ.

ಕೈ ತೊಳೆಯುತ್ತಾ ಸಂತೋಷ ಕೇಳಿದ, "ದೊಡ್ಡಮ್ಮ, ಗುಂಡಿಯೊಳಗೆ ಒಂದು ಸೆನ್ಸರ್ ಇಡ್ಲಾ? ಬಿಸಿ ಎಷ್ಟಾಯ್ತು ಅಂತ ಫೋನಿಗೇ ಬರುತ್ತೆ."

ದಿನಾ ಬೆಳಿಗ್ಗೆ ಆ ಸಂದಿನಲ್ಲಿ ಕೈ ಇಟ್ಟು ನೋಡಲಿಕ್ಕೆ ಎಷ್ಟು ವೋಲ್ಟೇಜ್ ಬೇಕಪ್ಪಾ?